ಮೇಡನ್ ಕ್ಯಾಸಲ್: ಗಿರಿದುರ್ಗದ ಮಣ್ಣು ಮತ್ತು ರೋಮಿನ ಗೂಟ

ಇಂಗ್ಲೆಂಡಿನ ಡಾರ್ಚೆಸ್ಟರ್ ಬಳಿಯ ಮೇಡನ್ ಕ್ಯಾಸಲ್ ಹೆಸರಿಗೆ ಕೋಟೆ; ಕಲ್ಲಿನ ಬುರುಜು ಅಲ್ಲಿಲ್ಲ. ಸೀಮೆಸುಣ್ಣದ ಗುಡ್ಡವನ್ನು ಅಗೆದು ಎಬ್ಬಿಸಿದ ಸಾಲು ದಿಬ್ಬಗಳು, ನಡುವೆ ಆಳವಾದ ಕಂದಕಗಳು, ಅಷ್ಟೆ. ನವಶಿಲಾಯುಗದ ಆವರಣವೊಂದು ಆಗಲೇ ಇದ್ದ ಜಾಗದಲ್ಲಿ ಕ್ರಿ.ಪೂ. 600ರ ಸುಮಾರಿಗೆ ಕಬ್ಬಿಣಯುಗದ ಜನ 6.4 ಹೆಕ್ಟೇರಿನ ಕೋಟೆ ಕಟ್ಟಿದರು. ಒಂದೂವರೆ ಶತಮಾನದ ತರುವಾಯ ಅದು 19 ಹೆಕ್ಟೇರಿಗೆ ಬೆಳೆಯಿತು. ಒಳಗೆ ದುಂಡನೆಯ ಮನೆಗಳು, ಧಾನ್ಯದ ಹಗೇವುಗಳು. ಬಾಗಿಲ ಬಳಿ ಕವಣೆಗೆಂದು ಕಡಲತೀರದಿಂದ ಹೊತ್ತು ತಂದ ಸಾವಿರಾರು ಉರುಟುಗಲ್ಲುಗಳು. ಕ್ರಿ.ಪೂ. 100ರ ವೇಳೆಗೆ ಕೋಟೆಯ ಬಹುಭಾಗ ಪಾಳುಬಿದ್ದಿತ್ತು. ಈ ಸಂಗತಿ ಮುಂದಿನ ಚರ್ಚೆಗೆ ಮುಖ್ಯ.

1934ರಿಂದ 1937ರವರೆಗೆ ಇಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್‌ಗೆ ಪೂರ್ವದ್ವಾರದಲ್ಲಿ 52 ಅಸ್ಥಿಪಂಜರಗಳು ಸಿಕ್ಕವು. ಕೆಲವು ತಲೆಬುರುಡೆಗಳ ಮೇಲೆ ಕತ್ತಿಯೇಟು. ಒಬ್ಬನ ಬೆನ್ನುಮೂಳೆಯಲ್ಲಿ ಕಬ್ಬಿಣದ ಮೊನೆ. ಕ್ರಿ.ಶ. 43ರಲ್ಲಿ ರೋಮನ್ ಸೇನಾನಿ ವೆಸ್ಪೇಸಿಯನ್ನನ ಎರಡನೆಯ ಲೀಜನ್ (ಸೇನಾದಳ) ಕೋಟೆಯನ್ನು ಕೊಳ್ಳೆಹೊಡೆದು ಜನರನ್ನು ಕೊಂದಿತು, ಉಳಿದವರು ಅವಸರದಲ್ಲಿ ಹೆಣಗಳನ್ನು ಹೂಳಿದರು ಎಂದು ವೀಲರ್ ಬರೆದರು. ಆದರೆ ಅವಸರದಲ್ಲಿ ಹೂಳುವವರು ಗೋರಿಯಲ್ಲಿ ಮಡಕೆ, ಮಾಂಸದ ಎಡೆ ಇಡುತ್ತಾರೆಯೇ? ಬಹುಭಾಗ ಆಗಲೇ ಪಾಳುಬಿದ್ದಿದ್ದ ಕೋಟೆಯಲ್ಲಿ ಕೊಳ್ಳೆಹೊಡೆಯಲು ಏನಿತ್ತು? ವೆಸ್ಪೇಸಿಯನ್ ಇಪ್ಪತ್ತಕ್ಕೂ ಹೆಚ್ಚು ನೆಲೆಗಳನ್ನು ಗೆದ್ದನೆಂದು ರೋಮನ್ ಚರಿತ್ರೆಕಾರ ಸ್ವೆಟೋನಿಯಸ್ ಹೇಳುತ್ತಾನೆ ನಿಜ; ಈ ಕೋಟೆಯ ಹೆಸರನ್ನು ಅವನು ಎತ್ತುವುದೇ ಇಲ್ಲ. 1980ರ ದಶಕದಲ್ಲಿ ನಯಲ್ ಶಾರ್ಪಲ್ಸ್ ನಡೆಸಿದ ಮರು ಉತ್ಖನನ ಈ ಕಥೆಯನ್ನು ಸಡಿಲಿಸಿತು. 2025ರಲ್ಲಿ ಬೋರ್ನ್‌ಮತ್ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ರೇಡಿಯೋಕಾರ್ಬನ್ ಫಲಿತಾಂಶದಂತೆ ಆ ಸಾವುಗಳು ಒಂದೇ ದಿನದವಲ್ಲ, ಕ್ರಿ.ಪೂ. ಒಂದನೆಯ ಶತಮಾನದ ಕೊನೆಯಿಂದ ಕ್ರಿ.ಶ. ಒಂದನೆಯ ಶತಮಾನದ ಆರಂಭದವರೆಗೆ, ಹಲವು ತಲೆಮಾರುಗಳಲ್ಲಿ ಹರಡಿವೆ. ಹಾಗಿದ್ದರೆ ಈ ರಕ್ತಪಾತ ಬಹುಪಾಲು ಸ್ಥಳೀಯರ ಒಳಜಗಳದ್ದು.

ಇದೇ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದರು. ಅಲ್ಲಿಯೂ ಅವರ ಕಾಲಗಣನೆಯ ಗೂಟ ರೋಮ್: ಅರಿಕಮೇಡುವಿನ ರೋಮನ್ ವ್ಯಾಪಾರದ ಕಾಲದ ಮಡಕೆಚೂರುಗಳು, ಚಂದ್ರವಳ್ಳಿಯ ಟೈಬೀರಿಯಸ್ ನಾಣ್ಯ. ಮೇಲಿನ ಸ್ತರಗಳ ಕಾಲವನ್ನು ಅವರು ಆ ಗೂಟದಿಂದಲೇ ನಿರ್ಧರಿಸಿದರು. ಅದರಿಂದ ಕೆಳಕ್ಕೆ ಲೆಕ್ಕ ಹಾಕಿ ನವಶಿಲಾಯುಗದ ಆರಂಭವನ್ನು ಅವರು ಕ್ರಿ.ಪೂ. ಮೊದಲ ಸಹಸ್ರಮಾನಕ್ಕೆ ಇಳಿಸಿದರು. ಅದೇ ಯುಗದ ನೆಲೆಗಳಾದ ಹಳ್ಳೂರು, ತೆಕ್ಕಲಕೋಟೆಗಳ ರೇಡಿಯೋಕಾರ್ಬನ್ ಕಾಲನಿರ್ಣಯ ಮುಂದೆ ಅದನ್ನು ಎರಡನೆಯ ಸಹಸ್ರಮಾನಕ್ಕೆ ಒಯ್ದಿತು.

ಸ್ತರಗಳನ್ನು ಬಿಡಿಸಿ ದಾಖಲಿಸುವುದರಲ್ಲಿ ವೀಲರ್‌ಗೆ ಸಮನಾದವರು ಆ ಕಾಲದಲ್ಲಿ ವಿರಳ. ಬ್ರಹ್ಮಗಿರಿಯ ವರದಿಯನ್ನು ಕೈಗೆತ್ತಿಕೊಳ್ಳುವ ನಮ್ಮ ವಿದ್ಯಾರ್ಥಿಗಳು ಅವರ ಸ್ತರಚಿತ್ರಗಳನ್ನು ಧೈರ್ಯವಾಗಿ ಬಳಸಲಿ; ಇಸವಿಗಳನ್ನು ಮಾತ್ರ ಹೊಸ ಕಾಲನಿರ್ಣಯದೊಂದಿಗೆ ತಾಳೆ ನೋಡದೆ ಉಲ್ಲೇಖಿಸದಿರಲಿ.