ಆಕಾಶದಲ್ಲೇ ವಿಮಾನದ ಚಿತ್ರ: ಒಂದು ಛಾಯಾಕಲೆಯ ಬೆಳವಣಿಗೆ

ಹಾರುತ್ತಿರುವ ಹಗುರ ವಿಮಾನವನ್ನು ಅದರ ಪಕ್ಕದಲ್ಲಿ ಹಾರುವ ಇನ್ನೊಂದು ವಿಮಾನದಿಂದ ಸೆರೆಹಿಡಿಯುವುದು ವೈಮಾನಿಕ ಛಾಯಾಗ್ರಹಣದ ಒಂದು ವಿಶಿಷ್ಟ ಶಾಖೆ. ಕೆಳಗಿನ ಹೊಲ, ನದಿ, ಬೆಟ್ಟಸಾಲುಗಳೂ ಮೇಲಿನ ವಿಮಾನವೂ ಒಂದೇ ಚೌಕಟ್ಟಿನಲ್ಲಿ ಕೂಡಿಬರಬೇಕು. ಕ್ಯಾಮೆರಾದ ಸುಧಾರಣೆಯಷ್ಟೇ ಪೈಲಟ್‌ಗಳ ಹೊಂದಾಣಿಕೆಯೂ ಈ ಕಲೆಯನ್ನು ಬೆಳೆಸಿದೆ.

ಆಕಾಶಕ್ಕೇರಿದ ಕ್ಯಾಮೆರಾ ಮೊದಲು ಕಂಡದ್ದು ನೆಲವನ್ನೇ. 1858ರಲ್ಲಿ ಫ್ರಾನ್ಸಿನ ನಾಡಾರ್ ಪ್ಯಾರಿಸ್ ಸಮೀಪ ಬಲೂನಿನಿಂದ ಚಿತ್ರ ತೆಗೆದರು. 1909ರಲ್ಲಿ ರೋಮ್ ಬಳಿಯ ಚೆಂತೊಚೆಲ್ಲೆಯಲ್ಲಿ ವಿಲ್ಬರ್ ರೈಟ್ ಹಾರಿಸಿದ ವಿಮಾನದಿಂದ ಚಲನಚಿತ್ರದ ದೃಶ್ಯಗಳನ್ನು ತೆಗೆಯಲಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಶತ್ರುನೆಲೆಗಳನ್ನು ಮೇಲಿನಿಂದ ಚಿತ್ರಿಸುವುದು ದಿನನಿತ್ಯದ ಕೆಲಸವೇ ಆಯಿತು.

ಎರಡು ಯುದ್ಧಗಳ ನಡುವೆ ವಿಮಾನವೇ ಚಿತ್ರದ ವಸ್ತುವಾಯಿತು. ತಯಾರಕರ ಜಾಹೀರಾತುಗಳಿಗೂ ವಿಮಾನಯಾನದ ಪತ್ರಿಕೆಗಳಿಗೂ ಅಂಥ ಚಿತ್ರಗಳು ಬೇಕಿದ್ದವು. ಬ್ರಿಟನ್ನಿನಲ್ಲಿ ಚಾರ್ಲ್ಸ್ ಇ. ಬ್ರೌನ್, ಅಮೆರಿಕದಲ್ಲಿ ರೂಡಿ ಆರ್ನಾಲ್ಡ್ ಮತ್ತು ಹಾನ್ಸ್ ಗ್ರೋನ್‌ಹಾಫ್ ಈ ಕ್ಷೇತ್ರದಲ್ಲಿ ಹೆಸರು ಮಾಡಿದರು. ಗ್ರೋನ್‌ಹಾಫ್ ಅವರ ಒಲವು ಹಗುರ ವಿಮಾನ ಮತ್ತು ಗ್ಲೈಡರ್‌ಗಳತ್ತ ಇತ್ತು. 1936ರಲ್ಲಿ ಕೊಡಾಕ್ರೋಮ್ ಫಿಲ್ಮ್ 35 ಮಿ.ಮೀ. ಕ್ಯಾಮೆರಾಗಳಿಗೂ ಬಂದ ಮೇಲೆ ಹಳದಿ ರೆಕ್ಕೆಯನ್ನೂ ಹಸಿರು ಹೊಲವನ್ನೂ ಅವುಗಳ ಬಣ್ಣದಲ್ಲೇ ತೋರಿಸುವ ದಾರಿ ತೆರೆಯಿತು. ಆದರೆ ಆ ಫಿಲ್ಮಿಗೆ ಪ್ರಖರ ಬಿಸಿಲು ಬೇಕಿತ್ತು.

ಪ್ರೊಪೆಲ್ಲರ್ ಈ ಕಲೆಯ ಬಹುಮುಖ್ಯ ಸವಾಲು. ಷಟರ್ ವೇಗ ಸೆಕೆಂಡಿನ 1/1000 ಭಾಗವಾದರೆ ಪ್ರೊಪೆಲ್ಲರಿನ ಅಲಗುಗಳು ಬಹುತೇಕ ನಿಶ್ಚಲವಾಗಿ ಕಂಡು, ಎಂಜಿನ್ ನಿಂತುಹೋದಂತೆ ತೋರುತ್ತದೆ. ನಿಮಿಷಕ್ಕೆ 2400 ಸಲ ತಿರುಗುವ ಎರಡಲಗಿನ ಪ್ರೊಪೆಲ್ಲರ್ 1/80 ಸೆಕೆಂಡಿನಲ್ಲಿ ಅರ್ಧ ಸುತ್ತು ಮುಗಿಸುತ್ತದೆ. ಅಷ್ಟು ಹೊತ್ತು ಷಟರ್ ತೆರೆದಿದ್ದರೆ ಚಿತ್ರದಲ್ಲಿ ಪೂರ್ಣ ವೃತ್ತ ಮೂಡುತ್ತದೆ. ಆದರೆ ಅಷ್ಟರಲ್ಲಿ ವಿಮಾನದ ಕಂಪನದಿಂದ ಇಡೀ ಚಿತ್ರವೇ ಮಸುಕಾಗಬಹುದು. ಇದಕ್ಕೆ ಪರಿಹಾರವಾಗಿ ಕ್ಯಾಮೆರಾಕ್ಕೆ ಗೈರೊಸ್ಕೋಪ್ ಜೋಡಿಸುವ ಕ್ರಮ ಬಂದಿತು. 1995ರಲ್ಲಿ ಕ್ಯಾನನ್ ಸಂಸ್ಥೆ ನಡುಕ ತಡೆಯುವ ವ್ಯವಸ್ಥೆಯನ್ನು ತನ್ನ ಲೆನ್ಸಿನೊಳಗೇ ಅಳವಡಿಸಿತು.

ಛಾಯಾಗ್ರಾಹಕನನ್ನು ಹೊತ್ತೊಯ್ಯುವ ಕ್ಯಾಮೆರಾ ವಿಮಾನದ ಆಯ್ಕೆಯೂ ಕ್ರಮೇಣ ಪಕ್ವವಾಯಿತು. ಅದು ಚಿತ್ರಿಸಬೇಕಾದ ವಿಮಾನದ ವೇಗದಲ್ಲೇ ಹಾರಬಲ್ಲದ್ದಾಗಿರಬೇಕು. ಗಾಜಿನ ಪ್ರತಿಫಲನ ತಪ್ಪಿಸಲು, ಅನುಮತಿಯಿರುವ ವಿಮಾನಗಳಲ್ಲಿ ಬಾಗಿಲನ್ನೇ ಕಳಚುತ್ತಾರೆ. ಛಾಯಾಗ್ರಾಹಕ ಸುರಕ್ಷತಾ ಪಟ್ಟಿ ಬಿಗಿದು ಕೂರುತ್ತಾನೆ. ಅಮೆರಿಕದ ಪಾಲ್ ಬೋವೆನ್ ಹಳೆಯ ಬಿ-25 ಬಾಂಬರಿನ ಬಾಲದ ತುದಿಯಲ್ಲಿ ಕುಳಿತು, ಹಿಂದೆ ಬರುವ ವಿಮಾನಗಳನ್ನು ನೇರ ಎದುರಿನಿಂದ ಚಿತ್ರಿಸಿ ಪ್ರಸಿದ್ಧರಾದರು.

ಇಷ್ಟು ಹತ್ತಿರದ ಹಾರಾಟದ ಅಪಾಯವನ್ನು ಒಂದು ದುರಂತ ಮನಗಾಣಿಸಿತು. 1966ರ ಜೂನ್ 8ರಂದು ಕ್ಯಾಲಿಫೋರ್ನಿಯಾದಲ್ಲಿ ಪ್ರಚಾರದ ಚಿತ್ರಕ್ಕಾಗಿ ಹಾರುತ್ತಿದ್ದ ಜೆಟ್‌ಗಳ ಗುಂಪಿನಲ್ಲಿ ಎಫ್-104 ವಿಮಾನ ಎಕ್ಸ್‌ಬಿ-70 ಬಾಂಬರಿಗೆ ಡಿಕ್ಕಿ ಹೊಡೆದು, ಇಬ್ಬರು ಪೈಲಟ್‌ಗಳು ಸತ್ತರು. ಹಗುರ ವಿಮಾನಗಳಿಗೂ ಅದೇ ಎಚ್ಚರಿಕೆ ಸಲ್ಲುತ್ತದೆ. ವೇಗ, ಎತ್ತರ, ತಿರುವುಗಳನ್ನು ನೆಲದ ಮೇಲೇ ನಿರ್ಧರಿಸಬೇಕು. ಒಂದೇ ವಿಮಾನ ಮುಂದಾಳಾಗಿರಬೇಕು. ಹಿಂಬಾಲಿಸುವ ಪೈಲಟ್‌ಗೆ ಮುಂದಿನ ವಿಮಾನ ಕಣ್ಮರೆಯಾದರೆ, ಮೊದಲೇ ಗೊತ್ತುಪಡಿಸಿದ ದಿಕ್ಕಿಗೆ ಕೂಡಲೇ ದೂರ ಸರಿಯಬೇಕು.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ತೆಗೆದ ಚಿತ್ರವನ್ನು ಆಕಾಶದಲ್ಲೇ ನೋಡಿ ತಿದ್ದಿಕೊಳ್ಳಬಹುದಾಯಿತು. ಮಂದ ಬೆಳಕಿಗೂ ಸ್ಪಂದಿಸುವ ಸೆನ್ಸರ್‌ಗಳಿಂದಾಗಿ, ಗಾಳಿ ಶಾಂತವಾಗಿದ್ದು ಕಣಿವೆಗಳ ನೆರಳು ಉದ್ದಕ್ಕೆ ಚಾಚುವ ಮುಂಜಾವಿನ ಹೊತ್ತು ಇನ್ನಷ್ಟು ಬಳಕೆಗೆ ಬಂತು. ಈ ಕೆಲಸಕ್ಕೆ ಡ್ರೋನ್ ಸಾಲದೇ ಎನ್ನಿಸಬಹುದು; ಆದರೆ ಸಾಮಾನ್ಯ ಡ್ರೋನ್‌ಗಳಿಗೆ ಸೆಸ್ನಾದಂಥ ಹಗುರ ವಿಮಾನದ ಜೊತೆ ಸಾಗುವಷ್ಟು ವೇಗವಿಲ್ಲ. ಡಿಕ್ಕಿಯ ಭಯವೂ ಇದೆ. ಹೀಗಾಗಿ ಪೈಲಟ್ ನಡೆಸುವ ಕ್ಯಾಮೆರಾ ವಿಮಾನವೇ ಇಂದಿಗೂ ಈ ಕಲೆಯ ಮುಖ್ಯ ಸಾಧನ.