ಸೋತ ಆಜ್ಞೆಗೆ ಎಷ್ಟು ಹೊತ್ತಿನ ವಿರಾಮ?

ದೂರದ ಗಣಕದಿಂದ ಕಡತವೊಂದನ್ನು ತರಿಸಲು ನೀವು ಯೂನಿಕ್ಸ್‌ನಲ್ಲಿ ಆಜ್ಞೆ ಕೊಟ್ಟಿರಿ ಎನ್ನೋಣ. ಸಂಪರ್ಕ ಸಿಗದೆ ಅದು ವಿಫಲವಾಯಿತು. ಆಜ್ಞೆ ಸಫಲವಾದರೆ ಸೊನ್ನೆಯನ್ನೂ ವಿಫಲವಾದರೆ ಬೇರೊಂದು ಸಂಖ್ಯೆಯನ್ನೂ ಹಿಂದಿರುಗಿಸುತ್ತದೆ. ಆದ್ದರಿಂದ 'ಅನ್‌ಟಿಲ್' ಆವರ್ತನೆಯೊಳಗೆ ಅದನ್ನಿಟ್ಟರೆ ಸೊನ್ನೆ ಬರುವವರೆಗೂ ಮರುಪ್ರಯತ್ನ ನಡೆಯುತ್ತಲೇ ಇರುತ್ತದೆ. ಆದರೆ ಎರಡು ಪ್ರಯತ್ನಗಳ ನಡುವೆ ಎಷ್ಟು ಕಾಯಬೇಕು?

ಈ ಪ್ರಶ್ನೆ ಮೊದಲು ತೀವ್ರವಾಗಿ ಎದುರಾದದ್ದು ರೇಡಿಯೊ ಜಾಲವೊಂದರಲ್ಲಿ. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಏಬ್ರಮ್‌ಸನ್ ಮತ್ತು ಸಂಗಡಿಗರು 'ಅಲೋಹಾ' ಜಾಲವನ್ನು ಆರಂಭಿಸಿದರು. ಕೇಂದ್ರ ಗಣಕಕ್ಕೆ ಸಂದೇಶ ಕಳುಹಿಸಲು ಎಲ್ಲರಿಗೂ ಒಂದೇ ರೇಡಿಯೊ ಮಾರ್ಗ. ಇಬ್ಬರು ಏಕಕಾಲಕ್ಕೆ ಕಳುಹಿಸಿದರೆ ಎರಡೂ ಸಂದೇಶಗಳು ಕೆಡುತ್ತಿದ್ದವು. ಸ್ವೀಕೃತಿ ಬಾರದಿದ್ದರೆ ಮತ್ತೆ ಕಳುಹಿಸಬೇಕು, ಸರಿ. ಆದರೆ ಇಬ್ಬರೂ ಅಷ್ಟೇ ಹೊತ್ತು ಕಾದರೆ ಪುನಃ ಡಿಕ್ಕಿ! ಕಿರಿದಾದ ಬಾಗಿಲಲ್ಲಿ ಎದುರುಬದುರಾದ ಇಬ್ಬರು ಒಂದೇ ಕಡೆಗೆ ಸರಿಯುವುದನ್ನು ನೀವು ನೋಡಿದ್ದೀರಲ್ಲವೆ? ಅಲೋಹಾದಲ್ಲಿ ಪ್ರತಿಯೊಬ್ಬರೂ ಯಾದೃಚ್ಛಿಕ ಅವಧಿ ಕಾಯುವ ಏರ್ಪಾಡು ಮಾಡಿದರು. ಆದರೂ ಮಾರ್ಗದ ಸಾಮರ್ಥ್ಯದಲ್ಲಿ ಗರಿಷ್ಠ ಶೇ. 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತಿತ್ತು.

1973ರಿಂದ ಝೆರಾಕ್ಸ್ ಸಂಸ್ಥೆಯಲ್ಲಿ ಈಥರ್‌ನೆಟ್ ರೂಪಿಸಿದ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇದನ್ನು ಸುಧಾರಿಸಿದರು. ಪ್ರತಿ ಡಿಕ್ಕಿಯ ಬಳಿಕ ಕಾಯುವ ವ್ಯಾಪ್ತಿ ಇಮ್ಮಡಿ. ಮುಂದೆ ಬಂದ ಈಥರ್‌ನೆಟ್ ಮಾನಕದಲ್ಲಿ ಮೊದಲ ಡಿಕ್ಕಿಗೆ 0 ಅಥವಾ 1 ಕಾಲಘಟಕ, ಎರಡನೆಯದಕ್ಕೆ 0ಯಿಂದ 3, ಬಳಿಕ 0ಯಿಂದ 7, ಹೀಗೆ 1023ರವರೆಗೆ. ಹದಿನಾರು ಬಾರಿ ಸೋತರೆ ಪ್ರಯತ್ನವನ್ನೇ ಕೈಬಿಡಬೇಕು. ಈ ಕೊನೆಯ ನಿಯಮವೇ ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ.

ತಾಳ್ಮೆಗೆಟ್ಟರೆ ಏನಾದೀತೆಂಬುದು 1986ರ ಅಕ್ಟೋಬರಿನಲ್ಲಿ ಕಂಡಿತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾನಿಲಯಕ್ಕೂ ಅಂತರ ಕೇವಲ 400 ಗಜ. ಅವುಗಳ ನಡುವೆ ಸೆಕೆಂಡಿಗೆ 32,000 ಬಿಟ್ ಇದ್ದ ಮಾಹಿತಿಯ ವೇಗ 40 ಬಿಟ್‌ಗೆ ಕುಸಿಯಿತು. ಸರದಿಯಲ್ಲಿ ತಡವಾದ ಮಾಹಿತಿ ಕಳೆದುಹೋಯಿತೆಂದು ಭಾವಿಸಿ ಗಣಕಗಳು ಅದನ್ನೇ ಪುನಃ ಕಳುಹಿಸುತ್ತಿದ್ದವು. ಸರದಿ ಇನ್ನಷ್ಟು ಬೆಳೆಯುತ್ತಿತ್ತು. ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರಗಳಲ್ಲಿ ಮರುಪ್ರಯತ್ನದ ಅವಧಿಯನ್ನು ಇಮ್ಮಡಿಸುತ್ತ ಹೋಗುವುದೂ ಒಂದು.

ನಿಮ್ಮ ಆವರ್ತನೆಯಲ್ಲೂ 'ಸ್ಲೀಪ್' ಆಜ್ಞೆ ಸೇರಿಸಿ, ವಿರಾಮವನ್ನು 1, 2, 4, 8 ಸೆಕೆಂಡುಗಳಂತೆ ಏರಿಸಿ. ಸ್ವಲ್ಪ ಯಾದೃಚ್ಛಿಕತೆಯಿರಲಿ, ಪ್ರಯತ್ನಗಳಿಗೆ ಮಿತಿಯಿರಲಿ. ಅದಕ್ಕೂ ಮುಂಚೆ ಕಡತದ ಹೆಸರು ಸರಿಯಾಗಿದೆಯೆ ನೋಡಿಕೊಳ್ಳಿ. ಹೆಸರೇ ತಪ್ಪಿದ್ದರೆ ಎಷ್ಟು ಕಾದರೂ ಸೊನ್ನೆ ಬಾರದು.