ರೋಸೆಲಿನಿಯ ಯುದ್ಧಚಿತ್ರಗಳು: ಎರಡು ಐತಿಹ್ಯಗಳ ಪರಿಶೀಲನೆ

ಇಟಲಿಯ ಚಲಚ್ಚಿತ್ರ ನಿರ್ದೇಶಕ ರೊಬೆರ್ತೊ ರೋಸೆಲಿನಿ (೧೯೦೬–೧೯೭೭) ಜಗತ್ತಿಗೆ ಪರಿಚಿತನಾದದ್ದು ೧೯೪೫ರ 'ರೋಮ್, ಮುಕ್ತನಗರ' ಎಂಬ ಚಿತ್ರದಿಂದ. ಜರ್ಮನರ ಹಿಡಿತದಲ್ಲಿದ್ದ ರೋಮ್ ನಗರದ ಪ್ರತಿರೋಧವೇ ಅದರ ವಸ್ತು. ಈ ಚಿತ್ರವನ್ನು ಕುರಿತು ಎರಡು ಐತಿಹ್ಯಗಳು ಬೆಳೆದಿವೆ. ಛಾಯಾಗ್ರಾಹಕರಿಂದ ಕೊಂಡ ಚೂರುಪಾರು ಫಿಲ್ಮುಗಳನ್ನು ಜೋಡಿಸಿ ಅದನ್ನು ತೆಗೆದರೆಂಬುದು ಒಂದು; ನಟರಲ್ಲದವರನ್ನು ನಿಜವಾದ ಬೀದಿಗಳಲ್ಲಿ ನಿಲ್ಲಿಸುವ ನವವಾಸ್ತವ ಪದ್ಧತಿಯು ಫ್ಯಾಸಿಸ್ಟ್ ಆಳ್ವಿಕೆಯ ಬೂದಿಯಿಂದ ಅಂದು ಹೊಸದಾಗಿ ಹುಟ್ಟಿತೆಂಬುದು ಮತ್ತೊಂದು.

ಮೊದಲನೆಯದನ್ನು ಮೂಲ ನೆಗೆಟಿವೇ ಅಲ್ಲಗಳೆಯಿತು. ೧೯೯೫ರಲ್ಲಿ ಇಟಲಿಯ ರಾಷ್ಟ್ರೀಯ ಚಲಚ್ಚಿತ್ರ ಭಂಡಾರದವರು ಅದನ್ನು ಜೀರ್ಣೋದ್ಧಾರ ಮಾಡುವಾಗ ಕಂಡದ್ದು ಮೂರೇ ಬಗೆಯ ಫಿಲ್ಮು: ಹೊರಾಂಗಣಕ್ಕೆ ಫೆರಾನಿಯ, ಒಳಾಂಗಣಕ್ಕೆ ಆಗ್ಫಾದ ಎರಡು ಬಗೆ. ಬೆಳಕಿನ ಏರುಪೇರಿಗೆ ಸಂಸ್ಕರಣದ ದೋಷವೇ ಕಾರಣವೆಂದು ಈಗ ತಿಳಿಯಲಾಗಿದೆ.

ಎರಡನೆಯ ಐತಿಹ್ಯವು ಅಷ್ಟು ಸುಲಭವಾಗಿ ಸಡಿಲುವುದಲ್ಲ. ಅದರ ಹಿಂದೆ ಒಂದು ರಾಷ್ಟ್ರದ ಆತ್ಮಗೌರವವಿದೆ. ಆದರೂ ೧೯೪೧ರ 'ಬಿಳಿಯ ಹಡಗು' ಎಂಬ ಚಿತ್ರವನ್ನು ಮರೆಯುವಂತಿಲ್ಲ. ಇಟಲಿಯ ನೌಕಾಪಡೆಯ ಆಶ್ರಯದಲ್ಲಿ ರೋಸೆಲಿನಿಯೇ ನಿರ್ದೇಶಿಸಿದ ಈ ಚಿತ್ರದ ಪಾತ್ರಧಾರಿಗಳು ನಿಜವಾದ ನಾವಿಕರು, ನಿಜವಾದ ದಾದಿಯರು. ಮರುವರ್ಷ ಅವನು ತೆಗೆದ ವೈಮಾನಿಕನ ಚಿತ್ರಕ್ಕೆ ಕಥೆಯನ್ನು ಒದಗಿಸಿದವನು ಮುಸೊಲಿನಿಯ ಮಗ ವಿತ್ತೋರಿಯೊ. 'ಮುಕ್ತನಗರ'ದಲ್ಲಾದರೋ ಮುಖ್ಯಪಾತ್ರಗಳನ್ನು ವಹಿಸಿದ ಆನ್ನಾ ಮಾನ್ಯಾನಿ, ಆಲ್ದೊ ಫಾಬ್ರಿತ್ಸಿ ಇಬ್ಬರೂ ರಂಗಭೂಮಿಯಲ್ಲಿ ಪಳಗಿ ಹೆಸರು ಗಳಿಸಿದ್ದವರು. ನವವಾಸ್ತವದ ಲಕ್ಷಣವೆಂದು ನಾವು ಹೇಳಿಕೊಡುವ ಪದ್ಧತಿಯು ಪ್ರತಿರೋಧದ ಚಿತ್ರಕ್ಕಿಂತ ಪ್ರಭುತ್ವದ ಚಿತ್ರದಲ್ಲೇ ಹೆಚ್ಚು ಕಟ್ಟುನಿಟ್ಟಾಗಿ ಪಾಲಿತವಾಗಿದೆ!

ಹಾಗೆಂದು ರೋಸೆಲಿನಿಯನ್ನು ಬರಿಯ ಸಮಯಸಾಧಕನೆಂದು ತಳ್ಳಿಹಾಕುವುದು ಉಚಿತವಾಗಲಾರದು. ೧೯೪೩ರ 'ಶಿಲುಬೆಯ ಮನುಷ್ಯ'ದ ನಾಯಕ ಒಬ್ಬ ಪಾದ್ರಿ. ರಷ್ಯದ ರಣರಂಗಕ್ಕೆ ದಂಡೆತ್ತಿ ಹೋದ ಸೇನೆಯ ಜತೆಗಾರ. ಎರಡು ವರ್ಷಗಳ ಬಳಿಕ ಬಂದ ಪಾದ್ರಿ ಡಾನ್ ಪಿಯೆತ್ರೊ, ಆಕ್ರಮಣಕಾರರ ಗುಂಡಿಗೆ ಬಲಿಯಾಗುವವನು. ಅವನ ಹಿಂದೆ ೧೯೪೪ರ ಏಪ್ರಿಲಿನಲ್ಲಿ ರೋಮಿನಲ್ಲಿ ಗುಂಡಿಕ್ಕಿ ಕೊಲ್ಲಲ್ಪಟ್ಟ ಡಾನ್ ಜುಸೆಪ್ಪೆ ಮೊರೊಸೀನಿಯ ನೆನಪಿದೆ. ಮಾನ್ಯಾನಿಯ ಪಾತ್ರದ ಹಿಂದೆ ಅದೇ ವರ್ಷದ ಮಾರ್ಚಿಯಲ್ಲಿ ಬೀದಿಯಲ್ಲಿ ಹತಳಾದ ಗರ್ಭಿಣಿ ತೆರೇಸಾ ಗುಲ್ಲಾಚೆಯ ನೆನಪಿದೆ. ಕ್ಯಾಮೆರಾದ ನೋಟ ಬದಲಾಗಲಿಲ್ಲ. ಅದು ಯಾರ ಪಕ್ಕದಲ್ಲಿ ನಿಂತಿತೆಂಬುದು ಬದಲಾಯಿತು. ಈ ಬದಲಾವಣೆಯಲ್ಲಿ ಪಶ್ಚಾತ್ತಾಪವೆಷ್ಟು, ಕಾಲಜ್ಞತೆಯೆಷ್ಟು ಎಂಬುದನ್ನು ಚಿತ್ರಗಳು ನುಡಿಯುವುದಿಲ್ಲ.

೧೯೪೬ರ 'ಪೈಸಾ' ಮತ್ತೆ ನೀರಿಗೆ ಮರಳುತ್ತದೆ. ಅಲ್ಲಿ ಯುದ್ಧನೌಕೆಯಿಲ್ಲ. ಪೋ ನದಿಯ ಮುಖಜಭೂಮಿಯಲ್ಲಿ ಕೈಕಟ್ಟಿದ ಪ್ರತಿರೋಧಿಗಳನ್ನು ಜರ್ಮನರು ದೋಣಿಯ ಅಂಚಿನಿಂದ ಒಬ್ಬೊಬ್ಬರನ್ನಾಗಿ ನೀರಿಗೆ ನೂಕುತ್ತಾರೆ.